ಹೆಸರು, ಗೋತ್ರ, ನಕ್ಷತ್ರ

ಕನ್ನಡಿಗರಿಗೆ ಆಲುವ ಎಂದರೆ ಬಹುಮಟ್ಟಿಗೆ ಕಾಲಡಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ರೈಲಿನಿಂದ ಇಳಿದವರು ಶಂಕರರ ಜನ್ಮಸ್ಥಳಕ್ಕೆ ಬಸ್ಸು ಹಿಡಿಯುವ ಮುಂಚೆ, ಸಮಯವಿದ್ದರೆ, ಪೆರಿಯಾರ್ ದಂಡೆಯ ಮಣಪ್ಪುರಕ್ಕೆ ಹೋಗಿ ಮಹಾದೇವನಿಗೆ ಕೈಮುಗಿದು ಬರುತ್ತಾರೆ. ಕೇರಳದ ದೇವಸ್ಥಾನಗಳಲ್ಲಿ ಸೇವೆಯ ಚೀಟಿ ಬರೆಯುವವರು ಸಾಮಾನ್ಯವಾಗಿ ಕೇಳುವುದು ಎರಡೇ ಸಂಗತಿ: ಹೆಸರು ಮತ್ತು ನಾಳ್. ನಾಳ್ ಎಂದರೆ ಜನ್ಮನಕ್ಷತ್ರ. ಊರಿನ ರೂಢಿಯಂತೆ ಗೋತ್ರವನ್ನೂ ಹೇಳಲು ಹೊರಟವರು ಅರ್ಧಕ್ಕೇ ನಿಲ್ಲಬೇಕಾಗುತ್ತದೆ. ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮ ಕಡೆಯ ಅರ್ಚಕರು ಮೂರನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಕೇಳಿ ಕೇಳಿ ಅದು ಒಂದೇ ಪ್ರಶ್ನೆ ಅನ್ನಿಸಿಬಿಟ್ಟಿದೆ. ನಿಜವಾಗಿ ಅವು ಬೇರೆ ಬೇರೆ. ಹೆಸರು ಎದುರಿಗೆ ನಿಂತವರು ಯಾರು ಎಂದು ಹೇಳುತ್ತದೆ. ಗೋತ್ರ, ಕೆಲವರಲ್ಲಿ ಬೆಡಗು, ಕರಾವಳಿಯಲ್ಲಿ ಬಳಿ, ಯಾವ ಮೂಲದಿಂದ ಬಂದವರು ಎಂದು ಹೇಳುತ್ತದೆ. ನಕ್ಷತ್ರ ಹುಟ್ಟಿದ ಗಳಿಗೆಯನ್ನು ಹೇಳುತ್ತದೆ. ಹೆಸರು ಗೊತ್ತಿದ್ದು ಗೋತ್ರ ಗೊತ್ತಿಲ್ಲದವರು ಬೇಕಾದಷ್ಟು ಜನ. ಅಂಥವರಿಗೆ ಕಾಶ್ಯಪ ಗೋತ್ರ ಎಂದು ಹೇಳಿ ಮುಂದುವರಿಯುವ ಪದ್ಧತಿಯೂ ಇದೆ.

ಸಿಡಿದು ಚೂರಾದ ನಕ್ಷತ್ರಗಳ ಬಿಸಿ ಅವಶೇಷಗಳನ್ನು ಎಕ್ಸ್-ರೇಯಲ್ಲಿ ಓದುವವರ ಮುಂದೆಯೂ ಇವೇ ಮೂರು ಪ್ರಶ್ನೆಗಳಿವೆ. ಅಲ್ಲಿ ಇರುವುದು ಯಾವ ಧಾತು? ಅದು ಯಾವ ಬಗೆಯ ಸ್ಫೋಟದ ಕುಲ? ಸಿಡಿದ ನಕ್ಷತ್ರ ಎಂಥದ್ದು, ಸಿಡಿದು ಎಷ್ಟು ಕಾಲವಾಯಿತು? ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಉಳಿದೆರಡೂ ಸಿಕ್ಕವು ಎಂದುಕೊಳ್ಳುವುದು ಸುಲಭ. ಈ ವಿದ್ಯೆಯ ಕಷ್ಟವೆಲ್ಲ ಇರುವುದು ಆ ಅವಸರವನ್ನು ತಡೆದುಕೊಳ್ಳುವುದರಲ್ಲಿ.

ಹೆಸರು ಹಿಡಿಯುವ ವಿದ್ಯೆ ಹುಟ್ಟಿದ್ದು ಆಕಾಶವನ್ನು ನೋಡುವವರ ಕೈಯಲ್ಲಲ್ಲ. ಅದರ ಕಥೆಗೆ ಆಲುವದಿಂದಲೇ ಹೊರಡಬಹುದು. ಮಣಪ್ಪುರದಿಂದ ಹೊಳೆಯ ಜೊತೆ ಕೆಳಗೆ ಹೋದರೆ ಏಲೂರಿನ ಉದ್ಯೋಗಮಂಡಲ ಸಿಗುತ್ತದೆ. ರಸಗೊಬ್ಬರದ ಫ್ಯಾಕ್ಟ್ ಅಲ್ಲಿದೆ, ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತೆಗೆಯುವ ಟ್ರಾವಂಕೂರ್-ಕೊಚ್ಚಿನ್ ಕೆಮಿಕಲ್ಸ್ ಇದೆ, ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯ ಘಟಕವೂ ಇದೆ. ಈ ಸಂಸ್ಥೆ ಶುರುವಾದದ್ದು 1950ರಲ್ಲಿ, ಆಲುವದ ಘಟಕ 1952ರಲ್ಲಿ. ಕೇರಳದ ಕಡಲತೀರದ ಮರಳಿನಲ್ಲಿರುವ ಮೊನಜೈಟ್ ಎಂಬ ಖನಿಜವನ್ನು ಒಡೆದು ಅದರೊಳಗಿನ ಧಾತುಗಳನ್ನು ಬೇರ್ಪಡಿಸಲು ಕಟ್ಟಿದ ಕಾರ್ಖಾನೆ ಅದು. ಆ ಮರಳಿನ ಬೆಲೆ ಹೊರಬಿದ್ದ ಬಗೆಯೂ ಸ್ವಾರಸ್ಯದ್ದೇ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಮೊನಜೈಟನ್ನು ಗುರುತಿಸಿದ.

ಮೊನಜೈಟ್ ಎಂದರೆ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಮುಂತಾದ ವಿರಳ ಭೂಧಾತುಗಳು ಮತ್ತು ಥೋರಿಯಂ ಒಟ್ಟಿಗೆ ಸೇರಿದ ಫಾಸ್ಫೇಟು. ಈ ವಿರಳ ಭೂಧಾತುಗಳು ರಸಾಯನಜ್ಞರ ತಾಳ್ಮೆಯನ್ನು ಬಹಳ ಕಾಲ ಪರೀಕ್ಷಿಸಿದವು. ಅಣ್ಣತಮ್ಮಂದಿರಂತೆ ಒಂದರ ಗುಣವೇ ಇನ್ನೊಂದಕ್ಕೆ. ಒಂದು ಕರಗುವ ಆಮ್ಲದಲ್ಲೇ ಇನ್ನೊಂದೂ ಕರಗುತ್ತದೆ, ಒಂದು ಹರಳುಗಟ್ಟುವ ಹದಕ್ಕೇ ಇನ್ನೊಂದೂ ಹರಳುಗಟ್ಟುತ್ತದೆ. ಅಮೆರಿಕದಲ್ಲಿದ್ದ ಚಾರ್ಲ್ಸ್ ಜೇಮ್ಸ್ ಎಂಬ ರಸಾಯನಜ್ಞ ಥೂಲಿಯಂ ಒಂದನ್ನು ಶುದ್ಧವಾಗಿ ಪಡೆಯಲು ಸುಮಾರು 15,000 ಬಾರಿ ಕರಗಿಸಿ ಹರಳುಗಟ್ಟಿಸಿದ. ಅಷ್ಟು ಮಾಡಿದ ಮೇಲೂ ಕೈಯಲ್ಲಿರುವುದು ಒಂದೇ ಧಾತುವೋ ಎರಡರ ಬೆರಕೆಯೋ ಎಂಬ ಸಂಶಯ ಉಳಿಯುತ್ತಿತ್ತು. ಹೊಸ ಧಾತು ಸಿಕ್ಕಿತೆಂದು ಹೆಸರಿಟ್ಟವರು ಹಲವರು. ಆ ಹೆಸರುಗಳಲ್ಲಿ ಬಹಳಷ್ಟು ಉಳಿಯಲಿಲ್ಲ.

ಈ ಜಗಳಕ್ಕೆ ತೆರೆ ಎಳೆದವನು ಹೆನ್ರಿ ಮೋಸ್ಲಿ ಎಂಬ ಇಂಗ್ಲಿಷ್ ತರುಣ. 1913ರಲ್ಲಿ ಅವನು ಒಂದೊಂದೇ ಧಾತುವಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಅದರಿಂದ ಹೊಮ್ಮಿದ ಎಕ್ಸ್-ರೇಯನ್ನು ಹರಳಿನ ಮೂಲಕ ಬಿಡಿಸಿ, ಫೋಟೊ ಫಲಕದ ಮೇಲೆ ಬಿದ್ದ ಗೆರೆಗಳನ್ನು ಅಳೆದ. ಗೆರೆಗಳು ಮೆಟ್ಟಿಲುಗಳಂತೆ ಕ್ರಮವಾಗಿ ಏರುತ್ತಿದ್ದವು. ಲೆಕ್ಕ ಎಷ್ಟು ಸರಳವೆಂದರೆ ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು. ಧಾತುವಿನ ಪರಮಾಣು ಸಂಖ್ಯೆಯಿಂದ 1 ಕಳೆದು, ಬಂದದ್ದನ್ನು ಅದರಿಂದಲೇ ಗುಣಿಸಿ, 10.2ರಿಂದ ಗುಣಿಸಿದರೆ ಅದರ ಮುಖ್ಯ ಗೆರೆಯ ಶಕ್ತಿ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಸಿಗುತ್ತದೆ. ಕಬ್ಬಿಣದ್ದು 26. 25ರ ವರ್ಗ 625, ಅದನ್ನು 10.2ರಿಂದ ಗುಣಿಸಿದರೆ 6,375. ಪ್ರಯೋಗಾಲಯದಲ್ಲಿ ಅಳೆದರೆ ಸಿಗುವುದು ಸುಮಾರು 6,400.

1914ರಲ್ಲಿ ಪ್ಯಾರಿಸ್ಸಿನ ಜಾರ್ಜ್ ಉರ್ಬೆನ್ ತಾನು ವರ್ಷಗಟ್ಟಲೆ ಬೇರ್ಪಡಿಸಿದ ವಿರಳ ಭೂಧಾತುಗಳ ಮಾದರಿಗಳನ್ನು ಹಿಡಿದುಕೊಂಡು ಆಕ್ಸ್‌ಫರ್ಡಿಗೆ ಬಂದ. ಮೋಸ್ಲಿ ಕೆಲವೇ ದಿನಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಹೇಳಿಬಿಟ್ಟ. ಉರ್ಬೆನ್ ಕಂಡುಹಿಡಿದೆನೆಂದು ನಂಬಿ ಸೆಲ್ಟಿಯಂ ಎಂದು ಹೆಸರಿಟ್ಟಿದ್ದ ಹೊಸ ಧಾತುವಿನ ಗೆರೆ ಮಾತ್ರ ಎಲ್ಲಿಯೂ ಇರಲಿಲ್ಲ. 72ನೆಯ ಮೆಟ್ಟಿಲು ಖಾಲಿಯೇ ಉಳಿಯಿತು. 1923ರಲ್ಲಿ ಕೋಪನ್‌ಹೇಗನ್‌ನಲ್ಲಿ ಎಕ್ಸ್-ರೇ ಗೆರೆಯ ಮೂಲಕವೇ ಹ್ಯಾಫ್ನಿಯಂ ಸಿಕ್ಕಿ ಅದು ತುಂಬಿತು. ಅದನ್ನು ನೋಡಲು ಮೋಸ್ಲಿ ಇರಲಿಲ್ಲ. ಮಹಾಯುದ್ಧಕ್ಕೆ ಸೇರಿದ್ದ ಅವನು 1915ರ ಆಗಸ್ಟ್ 10ರಂದು ಗಲಿಪೊಲಿಯಲ್ಲಿ ಗುಂಡೇಟಿಗೆ ಸತ್ತಿದ್ದ. ವಯಸ್ಸು 27.

ಕೈಯಲ್ಲಿ ಮುಟ್ಟಬಹುದಾದ ಪುಡಿಗೆ ಸಲ್ಲುವ ಈ ನಿಯಮ ಯಾರೂ ಮುಟ್ಟಲಾಗದ ವಸ್ತುವಿಗೂ ಸಲ್ಲುತ್ತದೆ. ಕ್ಯಾಸಿಯೋಪಿಯಾ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿ, ಕ್ಯಾಸ್-ಎ ಎಂಬ ಅವಶೇಷವಿದೆ. ಅಲ್ಲಿ ಒಂದು ದೊಡ್ಡ ನಕ್ಷತ್ರ ಸಿಡಿದ ಬೆಳಕು ಭೂಮಿಗೆ ತಲುಪಿದ್ದು 17ನೆಯ ಶತಮಾನದ ಕೊನೆಯ ಭಾಗದಲ್ಲಿ. ಅದರ ಚೂರುಗಳು ಇಂದಿಗೂ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೊರಗೆ ಓಡುತ್ತಿವೆ. ಹೊರಗಿನ ತೆಳು ಅನಿಲಕ್ಕೆ ಅವು ಡಿಕ್ಕಿ ಹೊಡೆದಾಗ ಒಂದು ಆಘಾತದ ಅಲೆ ಮುಂದಕ್ಕೆ ಹೋಗುತ್ತದೆ, ಇನ್ನೊಂದು ಹಿಂದಕ್ಕೆ ತಿರುಗಿ ಚೂರುಗಳ ಒಳಕ್ಕೇ ನುಗ್ಗುತ್ತದೆ. ಸ್ಫೋಟವಾದ ಮೇಲೆ ಹಿಗ್ಗುತ್ತ ತಣ್ಣಗಾಗಿದ್ದ ವಸ್ತುವನ್ನು ಕೋಟಿಗಟ್ಟಲೆ ಡಿಗ್ರಿಗೆ ಮತ್ತೆ ಕಾಯಿಸುವುದು ಈ ಹಿಮ್ಮುಖದ ಅಲೆಯೇ. ಅಷ್ಟು ಬಿಸಿಯಲ್ಲಿ ಪರಮಾಣುಗಳ ಎಲೆಕ್ಟ್ರಾನುಗಳು ಒಂದೊಂದಾಗಿ ಕಿತ್ತುಹೋಗುತ್ತವೆ. ಬಿಡಿಯಾಗಿ ಓಡಾಡುವ ಎಲೆಕ್ಟ್ರಾನುಗಳು ಉಳಿದ ಪರಮಾಣುಗಳಿಗೆ ಬಡಿಯುತ್ತವೆ. ಮೋಸ್ಲಿಯ ಮೇಜಿನ ಮೇಲೆ ನಡೆದದ್ದೇ ಅಲ್ಲಿಯೂ ನಡೆದು ಗೆರೆಗಳು ಹೊಮ್ಮುತ್ತವೆ.

ಆ ಎಕ್ಸ್-ರೇಯನ್ನು ನೆಲದಲ್ಲಿ ನಿಂತು ಹಿಡಿಯಲಾಗದು, ವಾಯುಮಂಡಲ ಅದನ್ನು ಹೀರಿಬಿಡುತ್ತದೆ. ಮೇಲೆ ಹೋಗಲೇಬೇಕು. ಭಾರತ ಹಾಗೆ ಮೇಲೆ ಹೋದದ್ದು ಆಲುವದ ದಕ್ಷಿಣಕ್ಕೆ, ತಿರುವನಂತಪುರದ ಪಕ್ಕದ ತುಂಬಾದಿಂದ. ಅಲ್ಲಿನ ಮೀನುಗಾರರ ಊರಿನ ಚರ್ಚು ರಾಕೆಟ್ ಕೇಂದ್ರದ ಕಚೇರಿಯಾದ ಕಥೆ ಎಲ್ಲರಿಗೂ ಗೊತ್ತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಅಷ್ಟಾಗಿ ಹೇಳದೇ ಉಳಿದ ಸಂಗತಿ, ಅದೇ ದಶಕದ ಕೊನೆಯಲ್ಲಿ ತುಂಬಾದ ರಾಕೆಟ್ಟುಗಳು ಎಕ್ಸ್-ರೇ ಉಪಕರಣಗಳನ್ನು ಹೊತ್ತದ್ದು. ಆ ಪ್ರಯೋಗಗಳ ಹಿಂದೆ ಇದ್ದವರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಅಮೆರಿಕದಿಂದ 1966ರಲ್ಲಿ ಅಹಮದಾಬಾದಿಗೆ ಮರಳಿದ್ದ ಅವರ ತಂಡ, ವೃಶ್ಚಿಕ ರಾಶಿಯ ಸ್ಕಾರ್ಪಿಯಸ್ ಎಕ್ಸ್-1 ಮೊದಲಾದ ಮೂಲಗಳನ್ನು ತುಂಬಾದಿಂದ ಅಳೆಯಿತು. ರಾಕೆಟ್ಟು ವಾಯುಮಂಡಲದ ಆಚೆ ಇರುತ್ತಿದ್ದದ್ದು ಕೆಲವೇ ನಿಮಿಷ. ಆ ಕಾಲದ ಅನಿಲ ತುಂಬಿದ ಎಣಿಕೆ ಪೆಟ್ಟಿಗೆಗಳಿಗೆ ಎಕ್ಸ್-ರೇ ಬಂತು ಎಂದು ಗೊತ್ತಾಗುತ್ತಿತ್ತು, ಶಕ್ತಿ ಎಷ್ಟೆಂದು ಒರಟಾಗಿ ತಿಳಿಯುತ್ತಿತ್ತು. ಸಿಲಿಕಾನಿನ ಗೆರೆ ಯಾವುದು, ಗಂಧಕದ ಗೆರೆ ಯಾವುದು ಎಂದು ಬಿಡಿಸಿ ಹೇಳುವ ಸೂಕ್ಷ್ಮ ಅವಕ್ಕಿರಲಿಲ್ಲ.

ಮುಂದೆ ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿದಾಗ ಅದರಲ್ಲಿಯೂ ಎಕ್ಸ್-ರೇ ಉಪಕರಣವಿತ್ತು. ವಿದ್ಯುತ್ ವ್ಯವಸ್ಥೆಯ ತೊಂದರೆಯಿಂದ ವಿಜ್ಞಾನದ ಪ್ರಯೋಗಗಳನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಬೇಕಾಯಿತು. ರಾವ್ 2017ರಲ್ಲಿ ತೀರಿಕೊಂಡರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರಿಟ್ಟರು. ಆ ಕೇಂದ್ರದಲ್ಲಿ ತಯಾರಾದ ಎಕ್ಸ್‌ಸ್ಪೆಕ್ಟ್ ಎಂಬ ಉಪಕರಣ, ರಾಮನ್ ಸಂಶೋಧನಾ ಸಂಸ್ಥೆಯ ಪೋಲಿಕ್ಸ್ ಜೊತೆಗೆ, ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ 2024ರ ಜನವರಿ 1ರ ಬೆಳಿಗ್ಗೆ ಮೇಲೆ ಹೋಯಿತು. ಅದನ್ನು ಹೊತ್ತ ಪಿಎಸ್‌ಎಲ್‌ವಿ-ಸಿ58ರಲ್ಲೇ ತಿರುವನಂತಪುರದ ಎಲ್‌ಬಿಎಸ್ ಮಹಿಳಾ ತಾಂತ್ರಿಕ ಕಾಲೇಜಿನವರು ಕಟ್ಟಿದ, ನೇರಳಾತೀತ ಕಿರಣ ಅಳೆಯುವ ಪುಟ್ಟ ವೆಸ್ಯಾಟ್ ಕೂಡ ಇತ್ತು.

ಎಕ್ಸ್‌ಸ್ಪೆಕ್ಟ್ ತನ್ನ ಕಣ್ಣನ್ನು ಪರೀಕ್ಷಿಸಿಕೊಳ್ಳಲು ಜನವರಿ 5ರಿಂದ ನೋಡತೊಡಗಿದ್ದು ಕ್ಯಾಸ್-ಎಯನ್ನು. 1999ರಲ್ಲಿ ಚಂದ್ರಾ ದೂರದರ್ಶಕವೂ ಲೋಕಕ್ಕೆ ಮೊದಲು ತೋರಿಸಿದ್ದು ಅದನ್ನೇ. ಗೆರೆಗಳು ಅಷ್ಟು ಸ್ಪಷ್ಟವಾಗಿರುವುದರಿಂದ ಹೊಸ ಉಪಕರಣಗಳಿಗೆ ಅದು ಒರೆಗಲ್ಲು. ಇಸ್ರೋ ಪ್ರಕಟಿಸಿದ ರೋಹಿತದಲ್ಲಿ ಆರು ಹೆಸರುಗಳಿದ್ದವು: ಮೆಗ್ನೀಸಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣ. ತುಂಬಾದ ಪೆಟ್ಟಿಗೆಗಳಿಗೆ ಹೇಳಲಾಗದಿದ್ದ ಹೆಸರುಗಳು ಇವು. ಎಣಿಕೆಯಿಂದ ಹೆಸರಿಗೆ ಬರಲು ಅರ್ಧ ಶತಮಾನ ಹಿಡಿಯಿತು.

ಹೆಸರು ಸಿಕ್ಕಿತು, ಸರಿ. ಈಗ ಗೋತ್ರ. ಇವೆರಡರ ನಡುವಿನ ಅಂತರ ಎಷ್ಟೆಂದು ಆಲುವ ಮತ್ತು ಏಲೂರಿನ ಜನರಿಗೆ ಚೆನ್ನಾಗಿ ಗೊತ್ತು. 2024ರ ಮೇ ತಿಂಗಳಲ್ಲಿ ಏಲೂರು, ಎಡಯಾರ್ ಭಾಗದ ಪೆರಿಯಾರಿನಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಪಂಜರದಲ್ಲಿ ಮೀನು ಸಾಕಿದವರು ಒಂದೇ ರಾತ್ರಿಯಲ್ಲಿ ಎಲ್ಲ ಕಳೆದುಕೊಂಡರು. ನೀರನ್ನು ಪರೀಕ್ಷೆಗೆ ಒಯ್ದರು. ನೀರಿನಲ್ಲಿ ಏನಿದೆ ಎನ್ನುವುದು ಒಂದು ಪ್ರಶ್ನೆ, ಅದು ಎಲ್ಲಿಂದ ಬಂತು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಬೇರೆ ಬೇರೆ ಕಡೆಯವರು ಬೇರೆ ಬೇರೆ ಉತ್ತರ ಕೊಟ್ಟರು. ಪಂಜರ ಖಾಲಿಯಾದವನಿಗೆ ಬೇಕಾಗಿದ್ದದ್ದು ಆ ಎರಡನೆಯ ಉತ್ತರವೇ.

ಆಕಾಶದಲ್ಲಿ ಸ್ಫೋಟಗಳ ಕುಲ ಮುಖ್ಯವಾಗಿ ಎರಡು. ಸೂರ್ಯನಿಗಿಂತ ಬಹಳ ದೊಡ್ಡ ನಕ್ಷತ್ರದ ಒಡಲು ಕುಸಿದು ಆಗುವುದು ಒಂದು. ತಣ್ಣಗೆ ಮುದಿಯಾದ ಶ್ವೇತಕುಬ್ಜವೊಂದು ಜೊತೆಗಾರ ನಕ್ಷತ್ರದ ಸಹವಾಸದಲ್ಲಿ ಹೊತ್ತಿಕೊಂಡು ಇಡಿಯಾಗಿ ಸಿಡಿಯುವುದು ಇನ್ನೊಂದು. ಮೊದಲನೆಯದು ಆಮ್ಲಜನಕವನ್ನು ಹೇರಳವಾಗಿ ಚೆಲ್ಲುತ್ತದೆ. ಎರಡನೆಯದು ಸೂರ್ಯನ ಸುಮಾರು ಅರ್ಧ ತೂಕದಷ್ಟು ಕಬ್ಬಿಣವನ್ನು ಕೊಡುತ್ತದೆ. ಹಾಗಾದರೆ ಕಬ್ಬಿಣದ ಗೆರೆ ದಪ್ಪಗಿದ್ದರೆ ಎರಡನೆಯ ಕುಲ ಎಂದುಬಿಡಬಹುದೇ? ಆಗದು. ಗೆರೆ ದಪ್ಪವಾಗುವುದು ಧಾತು ಹೆಚ್ಚಿರುವುದರಿಂದಲೂ ಇರಬಹುದು, ಅದು ಹೆಚ್ಚು ಕಾದಿರುವುದರಿಂದಲೂ ಇರಬಹುದು. ಹಿಮ್ಮುಖದ ಅಲೆ ಇನ್ನೂ ತಲುಪದ ಒಳಭಾಗದಲ್ಲಿ ಎಷ್ಟೇ ಕಬ್ಬಿಣವಿದ್ದರೂ ಅದು ಎಕ್ಸ್-ರೇಯಲ್ಲಿ ಮಾತಾಡುವುದಿಲ್ಲ. ದೀಪ ಬಿದ್ದ ಪಾತ್ರೆಗಳನ್ನಷ್ಟೇ ನೋಡಿ ಅಡುಗೆಮನೆಯಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿದಂತಾಗುತ್ತದೆ.

ಗೋತ್ರದ ಸುಳಿವು ಸಿಕ್ಕಿದ್ದು ಗೆರೆಯ ದಪ್ಪಕ್ಕಿಂತ ಹೆಚ್ಚಾಗಿ ಅದು ಬಿದ್ದ ಜಾಗದಲ್ಲಿ. ಎಲೆಕ್ಟ್ರಾನುಗಳು ಹೆಚ್ಚು ಉಳಿದಿರುವ ಕಬ್ಬಿಣದ ಗೆರೆ 6.4 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಬೀಳುತ್ತದೆ. ಎರಡೇ ಎಲೆಕ್ಟ್ರಾನು ಉಳಿದ ಕಬ್ಬಿಣದ್ದು 6.7ರ ಹತ್ತಿರ. ದೊಡ್ಡ ನಕ್ಷತ್ರ ಸಾಯುವ ಮುಂಚೆ ತನ್ನ ಮೈಯ ಅನಿಲವನ್ನು ಸುತ್ತಲೂ ಕೊಡವಿಕೊಂಡಿರುತ್ತದೆ. ಸಿಡಿದ ಚೂರುಗಳು ಆ ದಟ್ಟಣೆಗೆ ಬಡಿದು ಎಲೆಕ್ಟ್ರಾನುಗಳನ್ನು ಬೇಗ ಕಳೆದುಕೊಳ್ಳುತ್ತವೆ. ಶ್ವೇತಕುಬ್ಜದ ಸುತ್ತಲಿನ ಬಯಲು ಸಾಮಾನ್ಯವಾಗಿ ತೆಳು, ಅಲ್ಲಿ ಈ ಕೆಲಸ ನಿಧಾನ. ಹಲವು ಅವಶೇಷಗಳ ಕಬ್ಬಿಣದ ಗೆರೆಯನ್ನು ಅಳೆದು ನೋಡಿದಾಗ ಎರಡು ಕುಲಗಳೂ ಬೇರೆಬೇರೆಯಾಗಿ ನಿಂತವು ಎಂದು 2014ರಲ್ಲಿ ಯಾಮಾಗುಚಿ ಮತ್ತು ಸಂಗಡಿಗರು ತೋರಿಸಿದರು. 1572ರಲ್ಲಿ ಟೈಕೋ ಬ್ರಾಹೆ ಕಂಡ ನಕ್ಷತ್ರದ ಅವಶೇಷ ಎರಡನೆಯ ಗುಂಪಿಗೆ ಬಂತು. ಅದಕ್ಕೆ ಹೊರಗಿನ ಸಾಕ್ಷಿಯೂ ಇತ್ತು. ಅದೇ ಸ್ಫೋಟದ ಬೆಳಕು ದೂರದ ಧೂಳಿಗೆ ಬಡಿದು ಪ್ರತಿಧ್ವನಿಯಂತೆ ತಡವಾಗಿ ಬಂದದ್ದನ್ನು 2008ರಲ್ಲಿ ಹಿಡಿದು ನೋಡಿದಾಗಲೂ ಅದು ಶ್ವೇತಕುಬ್ಜದ ಸ್ಫೋಟವೇ ಆಗಿತ್ತು. ಅದೇ ವರ್ಷ ಅದೇ ಉಪಾಯದಿಂದ ಕ್ಯಾಸ್-ಎ ಒಡಲು ಕುಸಿದ ದೊಡ್ಡ ನಕ್ಷತ್ರದ್ದು ಎಂದೂ ಖಾತ್ರಿಯಾಯಿತು.

ಕ್ಯಾಸ್-ಎಯಲ್ಲಿ ಇನ್ನೊಂದು ಪಾಠವಿದೆ. ಕಬ್ಬಿಣ ಹುಟ್ಟುವುದು ನಕ್ಷತ್ರದ ತೀರಾ ಒಳಗೆ, ಸಿಲಿಕಾನ್ ಅದರ ಹೊರಗೆ. ಆದರೆ ಚಂದ್ರಾ ತೆಗೆದ ಚಿತ್ರಗಳಲ್ಲಿ ಅವಶೇಷದ ಒಂದು ಭಾಗದಲ್ಲಿ ಕಬ್ಬಿಣವೇ ಸಿಲಿಕಾನನ್ನು ದಾಟಿ ಹೊರಗೆ ಬಂದಿತ್ತು. ಒಳಗಿನದು ಹೊರಗಾಗುವಂತೆ ಆ ನಕ್ಷತ್ರ ಕದಡಿಕೊಂಡು ಸಿಡಿದಿತ್ತು. ಹೆಸರುಗಳ ಪಟ್ಟಿಯಿಂದ ಮಾತ್ರ ಇದು ತಿಳಿಯುತ್ತಿರಲಿಲ್ಲ, ಯಾವ ಹೆಸರು ಎಲ್ಲಿ ನಿಂತಿದೆ ಎಂದೂ ನೋಡಬೇಕಾಗಿತ್ತು.

ಇನ್ನೂ ಸೂಕ್ಷ್ಮವಾಗಿ ಓದಬೇಕೆಂದರೆ ಗೆರೆಗಳನ್ನು ಇನ್ನೂ ತೆಳ್ಳಗೆ ಬಿಡಿಸಬೇಕು. ಎಕ್ಸ್‌ಸ್ಪೆಕ್ಟ್ 6 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಸುಮಾರು 200 ಎಲೆಕ್ಟ್ರಾನ್ ವೋಲ್ಟಿನಷ್ಟು ವ್ಯತ್ಯಾಸವನ್ನು ಗುರುತಿಸಬಲ್ಲದು. ಜಪಾನಿನವರು ಅಮೆರಿಕದವರ ಜೊತೆ ಸೇರಿ ಕಟ್ಟಿದ ಇನ್ನೊಂದು ಬಗೆಯ ಉಪಕರಣ ಸುಮಾರು 5 ಎಲೆಕ್ಟ್ರಾನ್ ವೋಲ್ಟಿನದನ್ನೂ ಗುರುತಿಸುತ್ತದೆ. ಅದು ಸುಲಭಕ್ಕೆ ಕೈಗೆ ಹತ್ತಲಿಲ್ಲ. 2000ದಲ್ಲಿ ಉಡಾವಣೆಯೇ ವಿಫಲವಾಯಿತು. 2005ರಲ್ಲಿ ಅದನ್ನು ತಣ್ಣಗಿಡುವ ಹೀಲಿಯಂ ಕೆಲವೇ ವಾರಗಳಲ್ಲಿ ಆವಿಯಾಗಿ ಹೋಯಿತು. 2016ರಲ್ಲಿ ಹಿಟೋಮಿ ಉಪಗ್ರಹ ಹಾರಿ ಐದು ವಾರ ಕಳೆದಾಗ ಗಿರಗಿರ ತಿರುಗಿ ಒಡೆದುಹೋಯಿತು. 2023ರ ಸೆಪ್ಟೆಂಬರಿನಲ್ಲಿ ಹಾರಿದ ಕ್ರಿಸ್ಮ್ ಕೆಲಸ ಮಾಡುತ್ತಿದೆ, ಆದರೆ ಅದರ ಉಪಕರಣದ ಮುಂದಿನ ಮುಚ್ಚಳ ತೆರೆಯದೆ ಕಡಿಮೆ ಶಕ್ತಿಯ ಎಕ್ಸ್-ರೇ ಒಳಗೆ ಬಾರದು. ಇಷ್ಟಾದರೂ ಅದು ಕ್ಯಾಸ್-ಎಯಲ್ಲಿ ಕ್ಲೋರಿನ್ ಮತ್ತು ಪೊಟ್ಯಾಸಿಯಂ ಗೆರೆಗಳನ್ನು ಸ್ಪಷ್ಟವಾಗಿ ಕಂಡಿತು ಎಂದು 2025ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಉದ್ಯೋಗಮಂಡಲದಲ್ಲಿ ಉಪ್ಪಿನಿಂದ ತೆಗೆಯುವ ಅದೇ ಕ್ಲೋರಿನ್.

ಆದರೆ ಅದೇ ಉದ್ಯೋಗಮಂಡಲದ ವಿರಳ ಭೂಧಾತುಗಳ ಗೆರೆ ಈ ಯಾವ ರೋಹಿತದಲ್ಲಿಯೂ ಇಲ್ಲ. ಸೀರಿಯಂ ಅಷ್ಟು ಕಡಿಮೆ. ಸೂರ್ಯನಲ್ಲಿ ಕಬ್ಬಿಣದ ಸುಮಾರು ಎಂಟು ಲಕ್ಷ ಪರಮಾಣುಗಳಿಗೆ ಸೀರಿಯಂನದು ಒಂದು. ಎಕ್ಸ್-ರೇಯ ಗೆರೆಯಿಂದ ಮೊದಲು ಖಚಿತವಾಗಿ ವಿಂಗಡವಾದ ಕುಟುಂಬ ಯಾವುದೋ, ಆಕಾಶದ ಎಕ್ಸ್-ರೇಯಲ್ಲಿ ಆ ಕುಟುಂಬವೇ ಕಾಣುವುದಿಲ್ಲ. ಅದರ ಗೋತ್ರವನ್ನು ಬೇರೆ ದಾರಿಯಲ್ಲಿ ಹುಡುಕಬೇಕಾಯಿತು. ಸೌರಮಂಡಲದ ಸೀರಿಯಂನಲ್ಲಿ ಹೆಚ್ಚಿನ ಪಾಲು ಹುಟ್ಟಿದ್ದು ಸಿಡಿಯುವ ನಕ್ಷತ್ರಗಳಲ್ಲಲ್ಲ, ಸೂರ್ಯನಿಗಿಂತ ತುಸು ದೊಡ್ಡದಾಗಿ, ಮುಪ್ಪಿನಲ್ಲಿ ನಿಧಾನವಾಗಿ ಮೈ ಕಳಚಿಕೊಳ್ಳುವ ಸಾಧಾರಣ ನಕ್ಷತ್ರಗಳಲ್ಲಿ. ಉಳಿದ ಪಾಲು ಮತ್ತು ಥೋರಿಯಂ ಹುಟ್ಟಲು ನ್ಯೂಟ್ರಾನುಗಳ ಭಾರೀ ಸುರಿಮಳೆ ಬೇಕು. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದದ್ದನ್ನು 2017ರ ಆಗಸ್ಟಿನಲ್ಲಿ ಲೋಕ ಕಂಡಿತು. ಆ ಡಿಕ್ಕಿಯ ಅವಕೆಂಪು ಬೆಳಕಿನಲ್ಲಿ ಲ್ಯಾಂಥನಂ ಮತ್ತು ಸೀರಿಯಂ ಗುರುತುಗಳಿವೆ ಎಂದು 2022ರಲ್ಲಿ ಜಪಾನಿನ ಸಂಶೋಧಕರು ಹೇಳಿದರು. ಥೋರಿಯಂನಂಥ ಧಾತುಗಳೆಲ್ಲ ಅಂಥ ಡಿಕ್ಕಿಗಳಿಂದಲೇ ಬಂದವೋ, ಅಪರೂಪದ ಕೆಲವು ನಕ್ಷತ್ರಸ್ಫೋಟಗಳಿಗೂ ಅದರಲ್ಲಿ ಪಾಲಿದೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ನಾವೆಲ್ಲ ನಕ್ಷತ್ರದ ಧೂಳು ಎಂಬ ಮಾತು ಈಗ ಶಾಲೆಯ ಗೋಡೆಗಳ ಮೇಲೂ ಇದೆ. ಸುಳ್ಳಲ್ಲ. ಆದರೆ ಅದು ಎಲ್ಲರಿಗೂ ಕಾಶ್ಯಪ ಗೋತ್ರ ಹೇಳಿ ಮುಗಿಸಿದ ಹಾಗೆ. ರಕ್ತದ ಕಬ್ಬಿಣದಲ್ಲಿ ಶ್ವೇತಕುಬ್ಜಗಳ ಪಾಲು ದೊಡ್ಡದು. ಉಸಿರಿನ ಆಮ್ಲಜನಕ ಬಹುಪಾಲು ಬಂದದ್ದು ಒಡಲು ಕುಸಿದ ದೊಡ್ಡ ನಕ್ಷತ್ರಗಳಿಂದ. ಮೊನಜೈಟ್ ಮರಳಿನ ಒಂದೇ ಕಾಳಿನಲ್ಲಿ ಶಾಂತವಾಗಿ ಸತ್ತ ನಕ್ಷತ್ರದ ಸೀರಿಯಂ ಇದೆ, ಯಾವುದೋ ಮಹಾ ಅನಾಹುತದಲ್ಲಿ ಹುಟ್ಟಿದ ಥೋರಿಯಂ ಇದೆ, ಎರಡನ್ನೂ ಕಟ್ಟಿಹಿಡಿದ ರಂಜಕ ಇದೆ. ಆ ಥೋರಿಯಂ ಅರ್ಧಕ್ಕೆ ಇಳಿಯಲು 1,400 ಕೋಟಿ ವರ್ಷ ಬೇಕು, ಹೆಚ್ಚುಕಡಿಮೆ ವಿಶ್ವದ ವಯಸ್ಸಿನಷ್ಟು. ಹಾಗಾಗಿ ಅದು ಹುಟ್ಟಿದಂದಿನಿಂದ ಇಂದಿಗೂ ಅದರ ಹೆಚ್ಚಿನ ಪಾಲು ಕಡಲತೀರದ ಮರಳಿನಲ್ಲಿ ಹಾಗೆಯೇ ಉಳಿದಿದೆ. ಅದರ ಹೆಸರು ಗೊತ್ತಾಗಿ ಇನ್ನೂರು ವರ್ಷವಾಗುತ್ತ ಬಂತು. ಗೋತ್ರದ ಕಲಮು ಇನ್ನೂ ಖಾಲಿ ಇದೆ. ಅವಸರದಲ್ಲಿ ಅದನ್ನು ಯಾರೂ ತುಂಬಿಲ್ಲ.